ಹಾಸನ ಸೀಮೆಯಲ್ಲಿ ಅಬ್ಬೆ ದುಬಾಯ್: ನುಡಿಯ ಬೋಧೆ, ನಡೆಯ ಬೋಧೆ

ಹಾಸನ ಸೀಮೆಯು ಅನೇಕ ಮತಗಳ ನೆಲೆವೀಡು. ಬೇಲೂರು ವೈಷ್ಣವರ ಕ್ಷೇತ್ರ, ಹಳೇಬೀಡಿನ ಮಹಾದೇಗುಲ ಶೈವ, ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳ ಜೈನರ ಪುಣ್ಯಭೂಮಿ. ಜೈನರಿಗೂ ಶ್ರೀವೈಷ್ಣವರಿಗೂ ಬುಕ್ಕರಾಯನು ಸಂಧಾನ ಮಾಡಿಸಿದುದನ್ನು ಸಾರುವ 1368ರ ಶಾಸನವು ಆ ಬೆಳಗೊಳದಲ್ಲಿಯೇ ಇದೆ. ದುದ್ದದಂತಹ ಹೋಬಳಿಗಳ ಒಕ್ಕಲುಮಕ್ಕಳು ಈ ಎಲ್ಲ ಮತಗಳ ನಡುವೆ ಬಾಳಿ ಬಂದವರು. ಇಂತಹ ನಾಡಿಗೆ ಕ್ರೈಸ್ತಧರ್ಮವು ಹೇಗೆ ಬಂದಿತು, ಯಾರನ್ನು ತಲುಪಿತು ಎಂಬುದು ವಿಚಾರಾರ್ಹವಾದ ವಿಷಯ. ಏಕೆಂದರೆ ಸರ್ವ ಕಾಯಕದವರನ್ನೂ ಒಳಗೊಂಡ ಧರ್ಮವೆಂದು ಹೇಳಿಕೊಳ್ಳುವ ಶರಣಪಂಥಕ್ಕೂ ಈ ಪ್ರಶ್ನೆ ಸಲ್ಲುತ್ತದೆ.

ಈ ಇತಿಹಾಸದಲ್ಲಿ ಮೊದಲು ನೆನೆಯಬೇಕಾದ ಹೆಸರು ಅಬ್ಬೆ ದುಬಾಯ್ ಅವರದು. ಫ್ರಾನ್ಸ್ ದೇಶದಲ್ಲಿ 1766ರಲ್ಲಿ ಜನಿಸಿದ ಇವರು ಪ್ಯಾರಿಸ್ಸಿನ ವಿದೇಶೀ ಮಿಷನ್ ಸಂಘದ ಪಾದ್ರಿಯಾಗಿ 1792ರಲ್ಲಿ ಭಾರತಕ್ಕೆ ಬಂದರು. 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಬಳಿಕ, ಚದುರಿಹೋಗಿದ್ದ ಕ್ರೈಸ್ತರನ್ನು ಒಂದುಗೂಡಿಸುವ ಹೊಣೆ ಹೊತ್ತು ಮೈಸೂರು ಸೀಮೆಗೆ ಬಂದರು. ದೇಶೀಯರ ಉಡುಪನ್ನು ಧರಿಸಿ, ಮಾಂಸಾಹಾರವನ್ನು ತ್ಯಜಿಸಿ, ಜನರ ನಡುವೆ ಜನರಂತೆಯೇ ಬಾಳಿದರು. ಜನರು ಅವರನ್ನು ‘ದೊಡ್ಡಸ್ವಾಮಿ’ ಎಂದು ಕರೆದರು.

ಬಡ ಕ್ರೈಸ್ತರಿಗೆ ಉಪದೇಶಕ್ಕಿಂತ ಮೊದಲು ಉಳುವ ನೆಲ ಬೇಕೆಂಬುದನ್ನು ದುಬಾಯ್ ಅರಿತಿದ್ದರು. ಆಂಗ್ಲ ಗ್ರಂಥಗಳಲ್ಲಿ ಸತ್ತಳ್ಳಿಯೆಂದು ಕಾಣುವ ಹಾಸನದ ಸಮೀಪದ ಗ್ರಾಮದಲ್ಲಿ ಅವರು ಒಂದು ಬೇಸಾಯದ ನೆಲೆಯನ್ನು ಕಟ್ಟಿದರು. ಸಿಡುಬಿನ ರೋಗವು ಮನೆಮನೆಯನ್ನು ಹಾಳುಗೆಡಹುತ್ತಿದ್ದ ಕಾಲವದು. 1803–04ರಲ್ಲಿ ಅವರ ಉಸ್ತುವಾರಿಯಲ್ಲಿ 25,432 ಮಂದಿಗೆ ದೇವಿ ಹಾಕಿಸಲಾಯಿತೆಂದು ದಾಖಲೆಯಿದೆ. ಜೆನ್ನರನು ಈ ವಿಧಾನವನ್ನು ಪ್ರಕಟಿಸಿ ಆಗ ಇನ್ನೂ ಐದಾರು ವರ್ಷಗಳಷ್ಟೇ ಕಳೆದಿದ್ದವು ಎಂಬುದನ್ನು ನೆನೆದರೆ ಈ ಕಾರ್ಯದ ಹಿರಿಮೆ ತಿಳಿಯುತ್ತದೆ.

ಹಿಂದೂಗಳ ಆಚಾರ ವ್ಯವಹಾರಗಳನ್ನು ಕುರಿತು ಅವರು ಬರೆದ ಗ್ರಂಥದ ಇಂಗ್ಲಿಷ್ ಅನುವಾದವು 1816ರಲ್ಲಿ ಪ್ರಕಟವಾಯಿತು. ಲಿಂಗವಂತರು ಶವವನ್ನು ಸುಡದೆ ಹೂಳುವರು, ಜನನ ಮರಣಾದಿ ಸೂತಕಗಳನ್ನು ಮನ್ನಿಸರು ಎಂಬುದನ್ನು ಅದರಲ್ಲಿ ಗುರುತಿಸಿದ್ದಾರೆ. ಆದರೆ ಹೊರಗಿನ ಆಚಾರವನ್ನು ಕಂಡ ಈ ಕಣ್ಣಿಗೆ ಪಂಚಸೂತಕ ನಿರಾಕರಣೆಯ ಹಿಂದಿನ ತತ್ತ್ವವು ಗೋಚರಿಸಲಿಲ್ಲ. ಇಷ್ಟಲಿಂಗದ ಸನ್ನಿಧಿಯಲ್ಲಿ ಮೈಲಿಗೆಗೆ ಎಡೆಯಿಲ್ಲವೆಂಬ ಶರಣರ ಅರಿವಿಗೆ ವಚನ ವಾಙ್ಮಯವೇ ದಾರಿ. ಅದಿನ್ನೂ ತಾಳೆಗರಿಗಳಲ್ಲಿಯೇ ಉಳಿದಿತ್ತು.

ಇಷ್ಟೆಲ್ಲ ಸೇವೆಗೈದ ದುಬಾಯ್ ಅವರು ತಮ್ಮ ಮತಪ್ರಸಾರದ ಫಲವನ್ನು ಹೇಗೆ ಅಳೆದರು? 1823ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಪತ್ರಗಳಲ್ಲಿ ಅವರು ಇದಕ್ಕೆ ಮರೆಯಿಲ್ಲದೆ ಉತ್ತರಿಸಿದ್ದಾರೆ. ಅಷ್ಟು ವರ್ಷಗಳಲ್ಲಿ ತಮ್ಮಿಂದ ಕ್ರೈಸ್ತರಾದವರು ಇನ್ನೂರು ಮುನ್ನೂರು ಮಂದಿ ಮಾತ್ರ. ಅವರಲ್ಲಿ ಮೂರರಲ್ಲಿ ಎರಡು ಪಾಲು ಅಸ್ಪೃಶ್ಯರು ಅಥವಾ ಭಿಕ್ಷುಕರು. ಹಲವರು ನೆಂಟಸ್ತಿಕೆಗಾಗಿಯೋ ಲಾಭಕ್ಕಾಗಿಯೋ ಬಂದು, ಅದು ದೊರೆಯದಾಗ ಹಿಂದಿರುಗಿದರು ಎಂದು ಅವರು ಬರೆದರು. ಹಿಂದೂಗಳ ಮತಾಂತರವು ಆಗದ ಮಾತೆಂಬುದು ಅವರ ತೀರ್ಮಾನ. ಇದಕ್ಕೆ ಉತ್ತರವಾಗಿ ಜೇಮ್ಸ್ ಹಫ್ ಎಂಬ ಪಾದ್ರಿಯು 1824ರಲ್ಲಿ ಒಂದು ಗ್ರಂಥವನ್ನೇ ಬರೆದನು. 1823ರಲ್ಲಿ ಸ್ವದೇಶಕ್ಕೆ ಮರಳಿದ ದುಬಾಯ್ 1848ರಲ್ಲಿ ತೀರಿಕೊಂಡರು.

ಕಾಲವು ಈ ತೀರ್ಮಾನವನ್ನು ಪೂರ್ಣವಾಗಿ ಎತ್ತಿಹಿಡಿಯಲಿಲ್ಲ. ಹಾಸನ ಸೀಮೆಯಲ್ಲಿ ಕ್ರೈಸ್ತ ಸಮುದಾಯವು ಬೇರೂರಿತು. ಹೇಮಾವತಿಯ ದಡದ ಶೆಟ್ಟಿಹಳ್ಳಿಯಲ್ಲಿ 1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಎತ್ತರವಾದ ಇಗರ್ಜಿಯನ್ನು ಕಟ್ಟಿಸಿದರು. ಗೊರೂರು ಅಣೆಕಟ್ಟಿನ ಹಿನ್ನೀರು ಆ ಊರನ್ನು ಆವರಿಸಿತು. ಜನರು ಬೇರೆಡೆ ನೆಲೆಗೊಂಡರು. ಹೊಳೆ ತುಂಬಿದಾಗ ಮುಳುಗಿ, ಇಳಿದಾಗ ಮೇಲೇಳುವ ಪಾಳುಗೋಡೆಗಳು ಮಾತ್ರ ಅಲ್ಲಿ ಉಳಿದಿವೆ. ಹಾಸನ ಪಟ್ಟಣದಲ್ಲಿ ಪ್ರಾಟೆಸ್ಟಂಟ್ ಮಿಷನ್ನಿನವರ ರೆಡ್‌ಫರ್ನ್ ಸ್ಮಾರಕ ಆಸ್ಪತ್ರೆಯು ಜಾತಿಮತಗಳನ್ನು ಕೇಳದೆ ರೋಗಿಗಳ ಸೇವೆಗೈದಿತು.

ಮತಾಂತರಗೊಂಡವರನ್ನು ಎಣಿಸಿ ತಾವು ಸೋತೆವೆಂದು ದುಬಾಯ್ ತಿಳಿದರು. ಆದರೆ ದೇವಿ ಹಾಕಿಸಿಕೊಂಡು ಬದುಕಿದವರು ಆ ಎಣಿಕೆಯಲ್ಲಿ ಸೇರಲಿಲ್ಲ. ಬಂದವರಲ್ಲಿ ಹೆಚ್ಚಿನವರು ಅಸ್ಪೃಶ್ಯರೆಂಬುದನ್ನು ಅವರು ಕೊರತೆಯೆಂಬಂತೆ ಬರೆದರು. ಶರಣರ ದೃಷ್ಟಿಯಲ್ಲಿ ಅದು ಕೊರತೆಯಲ್ಲ. ಮಾದಾರ ಚೆನ್ನಯ್ಯನನ್ನು ತನ್ನ ಹಿರಿಯನೆಂದು ಬಗೆದವನು ಬಸವಣ್ಣ. ಅಂಬಿಗ ಚೌಡಯ್ಯ, ಹುಲ್ಲಿನ ಹಗ್ಗ ಹೊಸೆವ ನುಲಿಯ ಚಂದಯ್ಯ, ಕಟ್ಟಿಗೆ ಹೊರುವ ಮೋಳಿಗೆಯ ಮಾರಯ್ಯ, ಇವರೆಲ್ಲರೂ ಅನುಭವಗೋಷ್ಠಿಯಲ್ಲಿ ಸರಿಸಮಾನರು.

ಪರಮತದ ಪ್ರಸಾರಕನ ಸೋಲನ್ನು ಕಂಡು ಹಿಗ್ಗುವುದು ಭಕ್ತನಿಗೆ ತಕ್ಕುದಲ್ಲ. ಎಲ್ಲರಿಗೂ ತೆರೆದಿದ್ದ ಶರಣರ ಮನೆಯ ಬಾಗಿಲು ಮುಂದೆ ಜನ್ಮದ ಆಧಾರದ ಮೇಲೆ ಕಿರಿದಾಯಿತಲ್ಲವೇ ಎಂಬ ಪ್ರಶ್ನೆಯನ್ನು ಈ ಇತಿಹಾಸವು ಕೇಳುತ್ತದೆ. ಹಸಿದವನಿಗೆ ದಾಸೋಹವೂ ಅರಸಿ ಬಂದವನಿಗೆ ದೀಕ್ಷೆಯೂ ದೊರೆಯುವ ಎಡೆಯಲ್ಲಿ ಧರ್ಮವು ತಾನಾಗಿ ಹರಡುತ್ತದೆ. ಅವೆರಡೂ ಇಲ್ಲದ ಎಡೆಯಲ್ಲಿ ನುಡಿಯು ಎಷ್ಟೇ ಇನಿದಾಗಿದ್ದರೂ ನಿಷ್ಫಲ.