ಅಂತರಾಗ್ನಿ (ಆಲ್ಬಮ್)

ಅಂತರಾಗ್ನಿ: ಬೆಂಗಳೂರಿನ 'ದಿ ರಘು ದೀಕ್ಷಿತ್ ಪ್ರಾಜೆಕ್ಟ್' ಜನಪದ-ರಾಕ್ ತಂಡದ ಮೊದಲ ಆಲ್ಬಮ್, 2008ರಲ್ಲಿ ಬಿಡುಗಡೆ. ಸಂಗೀತ ನಿರ್ದೇಶಕರಾದ ವಿಶಾಲ್-ಶೇಖರ್ ತಮ್ಮ ಸ್ವತಂತ್ರ ಲೇಬಲ್ ಕೌಂಟರ್ ಕಲ್ಚರ್ ರೆಕಾರ್ಡ್ಸ್ ಮೂಲಕ ಇದನ್ನು ಹೊರತಂದರು. ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತ್ ಸೂಕ್ಷ್ಮಾಣುಜೀವಿಶಾಸ್ತ್ರ ಓದಿದವರು, ಭರತನಾಟ್ಯವನ್ನೂ ಕಲಿತವರು. ಅವರ ಹಿಂದಿನ ತಂಡದ ಹೆಸರೂ ಅಂತರಾಗ್ನಿಯೇ.

ಒಂದೇ ಕಥೆಯನ್ನು ಹೆಣೆದ ಆಲ್ಬಮ್ ಇದಲ್ಲ. ಆದರೆ ಹಂಬಲದ ಎಳೆ ಇದರೊಳಗೆ ಮತ್ತೆ ಮತ್ತೆ ಕಾಣುತ್ತದೆ. ಹಿಂದಿಯ 'ಹರ್ ಸಾಂಸ್ ಮೇಂ', ಇಂಗ್ಲಿಷಿನ 'ನೋ ಮ್ಯಾನ್ ವಿಲ್ ಎವರ್ ಲವ್ ಯೂ, ಲೈಕ್ ಐ ಡೂ' ಪ್ರೇಮದ ಹಾಡುಗಳು. ಇವುಗಳ ಪಕ್ಕದಲ್ಲೇ ತತ್ವಪದಕಾರ ಶಿಶುನಾಳ ಷರೀಫರ (1819–1889) 'ಸೋರುತಿಹುದು ಮನೆಯ ಮಾಳಿಗಿ', 'ಗುಡುಗುಡಿಯ ಸೇದಿ ನೋಡೋ' ಇವೆ. ಆಲ್ಬಮಿನ ನಿಜವಾದ ಕಸುವು ಇರುವುದು ಇಲ್ಲಿಯೇ. ಷರೀಫರ ಊರು ಶಿಶುನಾಳ ಇಂದಿನ ಹಾವೇರಿ ಜಿಲ್ಲೆಯದು. ಆ ಸೀಮೆಯ ಭಜನಾಮೇಳಗಳಲ್ಲಿ ಈ ಪದಗಳು ಏಕತಾರಿ, ತಾಳ, ದಮ್ಮಡಿಗಳೊಡನೆ ಬಾಳಿವೆ. ಸೋರುವ ಮಾಳಿಗೆಯೆಂದರೆ ಅಜ್ಞಾನ ಕವಿದ ಮನಸ್ಸು. ಷರೀಫರ ಪದಗಳನ್ನು ಸಿ. ಅಶ್ವತ್ಥ್ ಅವರ ದನಿಯಲ್ಲಿ, 1990ರ 'ಸಂತ ಶಿಶುನಾಳ ಷರೀಫ' ಚಿತ್ರದಲ್ಲಿ ಕೇಳಿದ್ದ ಕನ್ನಡಿಗರಿಗೆ ಗಿಟಾರಿನ ಬಡಿತದ ಈ ರೂಪ ಹೊಸದಾಗಿತ್ತು. ಅರ್ಥ ಮಸುಕಾಗದಂತೆ ಹಾಡಿರುವುದು ದೊಡ್ಡ ಸಾಧನೆ.

ತಂಡ 2010ರಲ್ಲಿ ಬಿಬಿಸಿಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮದಲ್ಲೂ 2011ರಲ್ಲಿ ಗ್ಲಾಸ್ಟನ್‌ಬರಿ ಉತ್ಸವದಲ್ಲೂ ಹಾಡಿತು. ಎರಡನೆಯ ಆಲ್ಬಮ್ 'ಜಗ್ ಚಂಗಾ' 2013ರಲ್ಲಿ ಬಂತು.