ಸ್ಫಟಿಕದ ನ್ಯೂನತೆ: ನೆರ್ನ್‌ಸ್ಟ್ ದೀಪದ ಚರಿತ್ರೆಯಿಂದ ಒಂದು ವಿಚಾರ

ವಿಜ್ಞಾನದಲ್ಲಿ ಸಿದ್ಧಾಂತವು ಮೊದಲು ಹುಟ್ಟಿ, ಉಪಯೋಗವು ಅದನ್ನು ಹಿಂಬಾಲಿಸುತ್ತದೆಂಬ ಭಾವನೆ ನಮ್ಮಲ್ಲಿ ರೂಢವಾಗಿದೆ. ಲೋಹದ ಆಕ್ಸೈಡುಗಳಲ್ಲಿ ಅಯಾನುಗಳ ಚಲನೆಯನ್ನು ಕುರಿತ ಶೋಧನೆಯ ಚರಿತ್ರೆಯು ಈ ಭಾವನೆಯನ್ನು ಸಮರ್ಥಿಸುವುದಿಲ್ಲ.

ಕಾಯಿಸಿದ ಸೀಸದ ಫ್ಲೋರೈಡು ಘನಸ್ಥಿತಿಯಲ್ಲಿಯೇ ವಿದ್ಯುದ್ವಾಹಕವಾಗುವುದನ್ನು 1830ರ ದಶಕದಲ್ಲಿ ಮೈಕೇಲ್ ಫ್ಯಾರಡೆಯು ಗಮನಿಸಿದ್ದನು. ಆಕ್ಸೈಡುಗಳ ಮಟ್ಟಿಗೆ, ಜರ್ಮನಿಯ ಗಟ್ಟಿಂಗೆನ್ನಿನಲ್ಲಿದ್ದ ವಾಲ್ಟರ್ ನೆರ್ನ್‌ಸ್ಟನು 1890ರ ದಶಕದ ಕೊನೆಯಲ್ಲಿ ನಡೆಸಿದ ಪ್ರಯೋಗಗಳು ಮುಖ್ಯವಾದುವು. ಶುದ್ಧ ಆಕ್ಸೈಡುಗಳು ಬಿಸಿಯಲ್ಲಿಯೂ ಅಲ್ಪವಾಹಕಗಳು. ಜಿರ್ಕೋನಿಯಕ್ಕೆ ಇಟ್ರಿಯವನ್ನು ಬೆರಸಿದರೆ ವಾಹಕತೆಯು ಬಹಳವಾಗಿ ಹೆಚ್ಚುವುದು. ನೂರಕ್ಕೆ ಸುಮಾರು 15 ಪಾಲು ಇಟ್ರಿಯ ಸೇರಿದ ಇಂಥ ಕಡ್ಡಿಯಿಂದ ನೆರ್ನ್‌ಸ್ಟ್ ದೀಪವು ಸಿದ್ಧವಾಯಿತು. ಗಾಳಿ ತೆಗೆದ ಬುರುಡೆ ಅದಕ್ಕೆ ಬೇಕಿರಲಿಲ್ಲ. ಆದರೆ ಮೊದಲು ಕಾಯಿಸದೆ ಅದು ಹೊತ್ತುತ್ತಿರಲಿಲ್ಲ. 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಬೆಳಗಿದ ಈ ದೀಪವು, ಟಂಗ್‌ಸ್ಟನ್ ತಂತಿಯ ದೀಪಗಳು ಬಂದ ಬಳಿಕ ಮೂಲೆ ಸೇರಿತು.

ಬೆರಕೆಯಿಂದ ವಾಹಕತೆ ಏಕೆ ಹೆಚ್ಚಬೇಕು? ಸ್ಫಟಿಕವೆಂದರೆ ಲೋಪವಿಲ್ಲದ ಕ್ರಮವೆಂದು ನಂಬಿರುವವರೆಗೆ ಇದಕ್ಕೆ ಉತ್ತರವಿರಲಿಲ್ಲ. ತುಂಬಿದ ಮನೆಗಳ ನಡುವೆ ಅಯಾನು ಸರಿಯುವುದೆಲ್ಲಿಗೆ? 1926ರಲ್ಲಿ ರಷ್ಯದ ಯಾಕೊವ್ ಫ್ರೆಂಕೆಲನು, ಉಷ್ಣದಿಂದ ಕೆಲವು ಅಯಾನುಗಳು ಸ್ವಸ್ಥಾನವನ್ನು ಬಿಟ್ಟು ಸಂದುಗಳಿಗೆ ಸರಿಯುವುವೆಂದು ಪ್ರತಿಪಾದಿಸಿದನು. 1930ರಲ್ಲಿ ಕಾರ್ಲ್ ವಾಗ್ನರ್ ಮತ್ತು ವಾಲ್ಟರ್ ಷಾಟ್ಕಿ ಇಂಥ ನ್ಯೂನತೆಗಳ ಸಿದ್ಧಾಂತವನ್ನು ವಿಸ್ತರಿಸಿದರು. ಕೊನೆಗೆ 1943ರಲ್ಲಿ ವಾಗ್ನರನು ನೆರ್ನ್‌ಸ್ಟನ ಕಡ್ಡಿಯ ಮರ್ಮವನ್ನು ಬಿಡಿಸಿದನು. ಜಿರ್ಕೋನಿಯಮ್ ಅಯಾನಿನ ಧನಾಂಶ ನಾಲ್ಕು, ಇಟ್ರಿಯಮ್ಮಿನದು ಮೂರು. ಎರಡು ಜಿರ್ಕೋನಿಯಮ್ ಸ್ಥಾನಗಳನ್ನು ಇಟ್ರಿಯಮ್ ಹಿಡಿದಾಗ ಎರಡು ಧನಾಂಶಗಳು ಕಡಿಮೆಯಾಗುವುವು. ಅದನ್ನು ಸರಿದೂಗಿಸಲು ಎರಡು ಋಣಾಂಶವುಳ್ಳ ಆಕ್ಸಿಜನ್ ಅಯಾನೊಂದರ ಸ್ಥಾನವು ತೆರವಾಗುವುದು. ನೆರೆಯ ಆಕ್ಸಿಜನ್ ಅಯಾನು ಆ ತೆರವಿಗೆ ನೆಗೆಯುವುದು. ಅದರ ಹಿಂದಿನ ಸ್ಥಾನಕ್ಕೆ ಮತ್ತೊಂದು ಬರುವುದು. ಬೆರಕೆ ಮಿತಿಮೀರಿದರೆ ತೆರವುಗಳು ಬೆರಕೆಯ ಅಯಾನುಗಳ ಬಳಿಯೇ ಸಿಲುಕಿ, ಚಲನೆಯು ಕುಂದುವುದು.

ಈ ವಿವರಣೆಗಿಂತ ಮುಂಚೆಯೇ, 1937ರಲ್ಲಿ, ಎಮಿಲ್ ಬೌರ್ ಮತ್ತು ಪ್ರೈಸ್ ಜಿರ್ಕೋನಿಯವನ್ನು ಇಂಧನಕೋಶದಲ್ಲಿ ಬಳಸಿದ್ದರು. 1976ರಿಂದ ಅದೇ ವಸ್ತುವು ಮೋಟಾರುಗಳ ಹೊಗೆಯಲ್ಲಿ ಉಳಿದ ಆಕ್ಸಿಜನ್ನನ್ನು ಅಳೆಯುತ್ತಿದೆ. ಸಿದ್ಧಾಂತದ ಬೆಲೆ ಇದರಿಂದ ಕುಗ್ಗುವುದಿಲ್ಲ. ಎಷ್ಟು ಬೆರಕೆ, ಯಾವ ಲೋಹ ಎಂಬ ವಿವೇಚನೆ ಅದರಿಂದಲೇ ಸಾಧ್ಯವಾಯಿತು. ಆದರೆ ಆ ಸಿದ್ಧಾಂತವು ವಿವರಿಸಬೇಕಾದ ಪ್ರಶ್ನೆಯನ್ನು ನಾಲ್ಕು ದಶಕಗಳಿಗೂ ಹೆಚ್ಚುಕಾಲ ಹೊತ್ತಿದ್ದುದು, ಮಾರುಕಟ್ಟೆಯಲ್ಲಿ ಸೋತ ಒಂದು ದೀಪ. ಗೆದ್ದ ವಸ್ತುಗಳನ್ನು ಮಾತ್ರ ಎಣಿಸುವ ಚರಿತ್ರೆಯಲ್ಲಿ ಈ ಸಂಬಂಧವು ಕಾಣಸಿಗದು.