ದನಿ ಬದಲಾದರೂ ಉಳಿದ ಹಾಡು

ಲಂಡನ್ನಿನಲ್ಲಿ 1975ರಲ್ಲಿ ಹುಟ್ಟಿದ ರಾಕ್ ತಂಡ 'ಐರನ್ ಮೇಡನ್'ನ ಅಭಿಮಾನಿಗಳಲ್ಲಿ ಹಳೆಯದೊಂದು ವಾದವಿದೆ: ಯಾವ ಗಾಯಕನ ಕಾಲ ಹೆಚ್ಚಿನದು? ಮೊದಲೆರಡು ಆಲ್ಬಮ್‌ಗಳಲ್ಲಿ ಹಾಡಿದ ಪಾಲ್ ಡಿಆನೊ ಅವರದು ಒರಟು ದನಿ. 1981ರಲ್ಲಿ ಬಂದ ಬ್ರೂಸ್ ಡಿಕಿನ್ಸನ್ ಅವರದು ತಾರಸ್ಥಾಯಿಯಲ್ಲಿ ಮೊಳಗುವ ಕಂಠ. ಮರುವರ್ಷದ ಆಲ್ಬಮ್ ಬ್ರಿಟನ್ನಿನ ಮಾರಾಟದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. 1993ರಲ್ಲಿ ಅವರು ತಂಡ ತೊರೆದ ಮೇಲೆ ಬಂದವರು ಬ್ಲೇಜ್ ಬೇಯ್ಲಿ. ತಗ್ಗಿನ ಸ್ಥಾಯಿಗೆ ಒಗ್ಗುವ ಅವರ ಕಂಠಕ್ಕೆ ಡಿಕಿನ್ಸನ್ ಹಾಡುಗಳು ಎಟುಕಲಿಲ್ಲ. ಅದನ್ನು ತಂಡದ ಇಳಿಗಾಲವೆಂದೇ ಹಲವರು ಬಗೆದರು.

ಆದರೆ 1999ರಲ್ಲಿ ಮರಳಿದ ಡಿಕಿನ್ಸನ್, 2001ರ ರಿಯೊ ಸಂಗೀತೋತ್ಸವದಲ್ಲಿ ಬೇಯ್ಲಿ ಕಾಲದ ಎರಡು ಹಾಡುಗಳನ್ನೂ ಹಾಡಿದರು. ಅವನ್ನು ಬರೆದವರು ಸ್ಥಾಪಕ ಸ್ಟೀವ್ ಹ್ಯಾರಿಸ್. ಮೂರೂ ಕಾಲಗಳಲ್ಲಿ ಬಾಸ್ ಗಿಟಾರ್ ಹಿಡಿದು ನಿಂತವರು. ಕಾಲಕ್ಕೆ ಗಾಯಕನ ಹೆಸರಿಟ್ಟಾಗ ಸೋಲಿನ ಹೊರೆಯೂ ಅವನೊಬ್ಬನ ತಲೆಗೇ ಬೀಳುತ್ತದೆ. ಬೇಯ್ಲಿ ಹೊತ್ತದ್ದು ಅದನ್ನೇ. ಹಾಡುಗಳು ಮಾತ್ರ ಸೋತಿರಲಿಲ್ಲ.